ದೂರವಾಣಿಯ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಹರಿಯುವ ಬಗೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಬೆಂಗಳೂರು, ಚೆನ್ನೈ ಮುಂತಾದ ನಗರಗಳಲ್ಲಿಯೂ ಪರದೇಶಗಳಲ್ಲಿಯೂ ನೆಲಸಿರುವರು. ೦೮೧೫೩ ಎಂಬ ಅಂಕಿಗಳನ್ನು ಮೊದಲು ಒತ್ತಿ, ಬಳಿಕ ತವರುಮನೆಯ ಸಂಖ್ಯೆಯನ್ನು ಒತ್ತಿ, ರಾಬರ್ಟ್‌ಸನ್‌ಪೇಟೆಯಲ್ಲಿಯೋ ಆಂಡರ್ಸನ್‌ಪೇಟೆಯಲ್ಲಿಯೋ ಬಂಗಾರಪೇಟೆಯಲ್ಲಿಯೋ ಇದ್ದ ತಾಯಿಯ ಧ್ವನಿಗಾಗಿ ಕಾದವರು ಅವರಲ್ಲಿ ಕಡಿಮೆಯಿಲ್ಲ. ಆ ಧ್ವನಿಯನ್ನು ಮನೆಯಿಂದ ಹೊರಕ್ಕೆ ತಂದುದು ಒಂದು ಜೊತೆ ತಾಮ್ರದ ತಂತಿ. ೨೦೦೫ನೆಯ ಇಸವಿಯ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯು ‘ಡೇಟಾವನ್’ ಎಂಬ ಹೆಸರಿನಿಂದ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿತು. ತರುವಾಯ ಅದು ನಮ್ಮಂಥ ಊರುಗಳಿಗೂ ಬಂದಿತು. ಆಗ ಮನೆಮನೆಗೆ ಹೊಸ ತಂತಿಯನ್ನು ಎಳೆಯಬೇಕಾಗಲಿಲ್ಲ. ಇದ್ದ ತಂತಿಯ ಎರಡು ತುದಿಗಳಲ್ಲಿಯೂ ಹೊಸ ಯಂತ್ರಗಳನ್ನು ಸೇರಿಸಿದರು. ಅಷ್ಟರಿಂದಲೇ, ಒಬ್ಬರ ಮಾತನ್ನು ಮಾತ್ರ ಹೊರುತ್ತಿದ್ದ ತಂತಿಯು ಪತ್ರಗಳನ್ನೂ ಚಿತ್ರಗಳನ್ನೂ ಪಾಠಗಳನ್ನೂ ಹೊರತೊಡಗಿತು; ಅದೇ ಕಾಲದಲ್ಲಿ ಮಾತೂ ನಿಲ್ಲಲಿಲ್ಲ.

ಇದು ಹೇಗೆ ಸಾಧ್ಯವಾಯಿತು? ಒಂದೇ ಹಣವನ್ನು ತೆತ್ತ ಎರಡು ಮನೆಗಳಲ್ಲಿ ಒಂದಕ್ಕೆ ವೇಗವೂ ಮತ್ತೊಂದಕ್ಕೆ ನಿಧಾನವೂ ಏಕೆ ಒದಗುವುದು? ಈ ಎರಡು ಪ್ರಶ್ನೆಗಳನ್ನು ಈ ಪಾಠದಲ್ಲಿ ವಿಚಾರಿಸೋಣ. ಎರಡನೆಯ ಪ್ರಶ್ನೆಯು ಮನೆಯ ಹೆಣ್ಣುಮಕ್ಕಳ ಓದಿಗೆ ಸಂಬಂಧಪಟ್ಟುದಾದುದರಿಂದ, ತಂದೆತಾಯಿಗಳು ಕೊನೆಯವರೆಗೂ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ. ಪ್ರೌಢಶಾಲೆಯಲ್ಲಿ ಶಬ್ದವನ್ನೂ ವಿದ್ಯುತ್ತನ್ನೂ ಕುರಿತು ಕಲಿತುದು ನೆನಪಿದ್ದರೆ ಸಾಕು; ಅದಕ್ಕಿಂತ ಹೆಚ್ಚಿನ ಪಾಂಡಿತ್ಯವು ಇಲ್ಲಿ ಬೇಕಾಗಿಲ್ಲ.

ಮಾತು ತಂತಿಯಲ್ಲಿ ಹೋಗುವ ಬಗೆ

ನಾವು ಮಾತನಾಡುವಾಗ ಗಾಳಿಯು ಕಂಪಿಸುವುದು. ದೂರವಾಣಿಯ ಬಾಯಿಯಲ್ಲಿರುವ ಯಂತ್ರವು ಆ ಕಂಪನವನ್ನು ವಿದ್ಯುತ್ತಿನ ಕಂಪನವನ್ನಾಗಿ ಮಾಡುವುದು. ಆ ವಿದ್ಯುತ್ತು ತಂತಿಯಲ್ಲಿ ಹರಿದು ಹೋಗಿ, ಆಚೆಯ ಕಡೆಯಲ್ಲಿ ತಿರುಗಿ ಗಾಳಿಯ ಕಂಪನವಾಗಿ ಕಿವಿಯನ್ನು ಸೇರುವುದು. ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ೧೮೭೬ರಲ್ಲಿ ಇದನ್ನು ಸಾಧಿಸಿದನು. ಎರಡು ತಂತಿಗಳನ್ನು ಜಡೆ ಹೆಣೆದಂತೆ ಒಂದಕ್ಕೊಂದು ಸುತ್ತಿದರೆ ಹೊರಗಿನ ವಿದ್ಯುತ್ತಿನ ಉಪದ್ರವವು ಎರಡರ ಮೇಲೂ ಸಮನಾಗಿ ಬಿದ್ದು ಪರಸ್ಪರ ಕಳೆದುಹೋಗುವುದು ಎಂಬ ಉಪಾಯವೂ ಅವನದೇ. ಅದರ ಹಕ್ಕುಪತ್ರವನ್ನು ಅವನು ೧೮೮೧ರಲ್ಲಿ ಪಡೆದನು. ನಮ್ಮ ಮನೆಗಳ ದೂರವಾಣಿಗೆ ‘ಒಂದು ಜೊತೆ’ ತಂತಿ ಇರುವುದೂ, ನೆಲದೊಳಗಿನ ಕೇಬಲ್ಲಿನಲ್ಲಿ ಆ ಜೊತೆಯನ್ನು ಹುರಿಮಾಡಿರುವುದೂ ಇದೇ ಕಾರಣದಿಂದ. ಆ ತಂತಿಯ ದಪ್ಪವಾದರೋ ಸುಮಾರು ಅರ್ಧ ಮಿಲಿಮೀಟರು ಮಾತ್ರ.

ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುವುದೋ ಅದರ ಮೇಲೆ ಸ್ವರದ ಏರಿಳಿತವು ನಿಂತಿರುವುದು. ಇನ್ನು ಮುಂದೆ ‘ಕಂಪನ’ವೆಂದು ಸಂಖ್ಯೆಯನ್ನು ಹೇಳಿದಲ್ಲೆಲ್ಲ ಒಂದು ಸೆಕೆಂಡಿಗೆ ಅಷ್ಟು ಕಂಪನಗಳೆಂದು ತಿಳಿಯತಕ್ಕದ್ದು. ಎಳೆಯ ಕಿವಿಯು ಸುಮಾರು ೨೦ರಿಂದ ೨೦,೦೦೦ ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ದೂರವಾಣಿಯನ್ನು ಏರ್ಪಡಿಸಿದವರು ಇಷ್ಟನ್ನೂ ಸಾಗಿಸಲಿಲ್ಲ. ಆಡಿದ ಮಾತು ಅರ್ಥವಾದರೆ ಸಾಕೆಂದು ಅವರು ೩೦೦ರಿಂದ ೩೪೦೦ ಕಂಪನಗಳವರೆಗಿನ ಭಾಗವನ್ನು ಇಟ್ಟುಕೊಂಡು ಮಿಕ್ಕುದನ್ನು ಕತ್ತರಿಸಿದರು. ಫೋನಿನಲ್ಲಿ ಹೆಸರನ್ನು ಹೇಳುವಾಗ ‘ಸ’ಕಾರವೋ ‘ಫ’ಕಾರವೋ ಎಂಬ ಸಂದೇಹ ಬಂದು ಮತ್ತೆ ಮತ್ತೆ ಕೇಳುವ ಪ್ರಸಂಗವು ನಮಗೆಲ್ಲ ಒದಗಿರುವುದು. ಈ ಎರಡನ್ನು ಬೇರ್ಪಡಿಸುವ ಸೂಕ್ಷ್ಮ ಕಂಪನಗಳು ಹೆಚ್ಚಾಗಿ ೩೪೦೦ಕ್ಕೆ ಮೇಲ್ಪಟ್ಟಿರುವುದರಿಂದ ಅವು ದಾರಿಯಲ್ಲಿಯೇ ಉಳಿದುಹೋದುವು.

ಮೊದಲನೆಯ ಪ್ರಯತ್ನ

೧೯೯೫ನೆಯ ಇಸವಿಯ ಆಗಸ್ಟ್ ೧೫ರಂದು ನಮ್ಮ ದೇಶದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಆಗಿನ ಮೋಡೆಮ್ ಯಂತ್ರವು ಗಣಕಯಂತ್ರದ ಅಂಕಿಗಳನ್ನು ಸಿಳ್ಳಿನಂಥ ಶಬ್ದಗಳಾಗಿ ಮಾಡಿ, ಅವುಗಳನ್ನು ಮನುಷ್ಯರ ಮಾತಿನಂತೆಯೇ ತಂತಿಯ ಮೇಲೆ ಕಳುಹಿಸುತ್ತಿತ್ತು. ಮಾತಿನ ಜಾಗವನ್ನೇ ಅದು ಆಕ್ರಮಿಸಿದುದರಿಂದ, ಅಂತರಜಾಲವನ್ನು ನೋಡುವಷ್ಟು ಹೊತ್ತೂ ಫೋನು ನಿಂತುಹೋಗುತ್ತಿತ್ತು. ಮಗಳ ಕರೆಗಾಗಿ ಕಾದ ತಾಯಿಯೂ, ‘ಲೈನು ಎಂಗೇಜು’ ಎಂಬ ಸದ್ದನ್ನು ಕೇಳಿ ಬೇಸತ್ತ ಮಗಳೂ ಅದನ್ನು ಮರೆತಿರಲಾರರು.

ಅದರ ವೇಗಕ್ಕೂ ಒಂದು ಮೇರೆಯಿತ್ತು. ಹೊಸ ಬಗೆಯ ಎಕ್ಸ್‌ಚೇಂಜುಗಳು ಬರುವ ಮಾತನ್ನು ಸೆಕೆಂಡಿಗೆ ೮೦೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ೮ ಬಿಟ್ಟುಗಳಲ್ಲಿ ಬರೆದಿಡುವುವು. ಬಿಟ್ಟೆಂದರೆ ಸೊನ್ನೆ ಅಥವಾ ಒಂದು ಎಂಬ ಒಂದೇ ಅಂಕಿ. ೮೦೦೦ವನ್ನು ೮ರಿಂದ ಗುಣಿಸಿದರೆ ೬೪,೦೦೦ವಾಗುವುದು. ಮಾತಿನ ದಾರಿಯಲ್ಲಿ ಹೋಗುವ ಯಾವುದೂ ಇದನ್ನು ಮೀರುವಂತಿರಲಿಲ್ಲ. ಆದುದರಿಂದ ಅಂಥ ಮೋಡೆಮುಗಳ ಅತ್ಯಧಿಕ ವೇಗವು ಸೆಕೆಂಡಿಗೆ ೫೬,೦೦೦ ಬಿಟ್ಟುಗಳಲ್ಲಿ ನಿಂತಿತು. ಒಂದು ಮೆಗಾಬೈಟಿನ ಭಾವಚಿತ್ರದಲ್ಲಿ ಸುಮಾರು ೮೦ ಲಕ್ಷ ಬಿಟ್ಟುಗಳಿರುವುವು. ಅದನ್ನು ತರಿಸುವುದಕ್ಕೆ ಆ ವೇಗದಲ್ಲಿ ಸುಮಾರು ೧೪೩ ಸೆಕೆಂಡು, ಎಂದರೆ ಎರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕಾಗುತ್ತಿತ್ತು.

ಬ್ರಾಡ್‌ಬ್ಯಾಂಡೆಂದು ಯಾವುದನ್ನು ಕರೆಯಬೇಕೆಂಬುದನ್ನು ಸರ್ಕಾರವು ಕಾಲಕಾಲಕ್ಕೆ ಗೊತ್ತುಮಾಡಿರುವುದು. ೨೦೦೪ರ ನೀತಿಯಲ್ಲಿ ಸೆಕೆಂಡಿಗೆ ಕನಿಷ್ಠ ೨೫೬ ಸಾವಿರ ಬಿಟ್ಟು ಎಂದಿದ್ದುದು ೨೦೧೩ರಲ್ಲಿ ೫೧೨ ಸಾವಿರವಾಯಿತು. ೨೦೨೩ರಲ್ಲಿ ೨೦ ಲಕ್ಷಕ್ಕೆ ಏರಿತು. ಹಿಂದೆ ಹೇಳಿದ ಭಾವಚಿತ್ರವು ೨೫೬ ಸಾವಿರದ ವೇಗದಲ್ಲಿ ೩೧ ಸೆಕೆಂಡುಗಳಲ್ಲಿಯೂ, ೨೦ ಲಕ್ಷದ ವೇಗದಲ್ಲಿ ೪ ಸೆಕೆಂಡುಗಳಲ್ಲಿಯೂ ಬರುವುದು.

ಬರಿದಾಗಿದ್ದ ಜಾಗ

ಈಗ ಪಾಠದ ಮುಖ್ಯ ವಿಷಯಕ್ಕೆ ಬಂದೆವು. ೩೪೦೦ ಕಂಪನಗಳೆಂಬ ಮೇರೆಯು ತಾಮ್ರದ ಗುಣವಲ್ಲ. ಮಾತಿಗೆ ಇಷ್ಟು ಸಾಕೆಂದು ಎಕ್ಸ್‌ಚೇಂಜಿನಲ್ಲಿ ಇಟ್ಟ ಕಟ್ಟಳೆ. ತಾಮ್ರದ ತಂತಿಯಾದರೋ ಹತ್ತು ಲಕ್ಷ ಕಂಪನಗಳನ್ನೂ ಅದಕ್ಕೆ ಮೇಲ್ಪಟ್ಟವುಗಳನ್ನೂ ಸ್ವಲ್ಪ ದೂರದವರೆಗೆ ಒಯ್ಯಬಲ್ಲುದು. ಎಂದರೆ ಒಂದು ದೊಡ್ಡ ಮನೆಯನ್ನು ಕಟ್ಟಿಸಿ ಅದರ ಬಾಗಿಲ ಪಕ್ಕದ ಒಂದು ಕೋಣೆಯಲ್ಲಿ ಮಾತ್ರ ಸಂಸಾರ ಮಾಡಿದಂತೆ, ತಂತಿಯ ಬಹುಭಾಗವು ಅಷ್ಟು ವರ್ಷವೂ ಬರಿದಾಗಿಯೇ ಇದ್ದಿತು. ನಮ್ಮ ಊರಿನವರಿಗೆ ಇನ್ನೊಂದು ಹೋಲಿಕೆಯು ಸುಲಭವಾಗಿ ತಿಳಿಯುವುದು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಚಿನ್ನವನ್ನು ತೆಗೆದ ಮೇಲೆ ಚೆಲ್ಲಿದ ಪುಡಿಯ ಸೈನೈಡ್ ಗುಡ್ಡಗಳು ಮಾತ್ರ ಉಳಿದುವು. ಹಳೆಯ ವಿಧಾನಕ್ಕೆ ಸಿಕ್ಕದೆ ಹೋದ ಚಿನ್ನದ ಅಂಶವು ಅವುಗಳಲ್ಲಿ ಇನ್ನೂ ಇರುವುದೆಂಬುದನ್ನು ಇಲ್ಲಿಯ ಮಕ್ಕಳೂ ಬಲ್ಲರು. ತಂತಿಯಲ್ಲಿಯೂ ಹಾಗೆಯೇ ಹಳೆಯ ವಿಧಾನವು ಮುಟ್ಟದೆ ಬಿಟ್ಟ ಸಂಪತ್ತು ಇದ್ದಿತು. ಅದನ್ನು ತೆಗೆಯುವ ವಿಧಾನಕ್ಕೆ ಡಿ.ಎಸ್.ಎಲ್. ಎಂದು ಹೆಸರು.

ಇದರಲ್ಲಿ ಮಾತು ಕೆಳಗಿನ ತನ್ನ ಜಾಗದಲ್ಲಿಯೇ ಇರುವುದು. ಅದಕ್ಕೆ ಮೇಲೆ ಸ್ವಲ್ಪ ಬಯಲನ್ನು ಬಿಟ್ಟು, ಸುಮಾರು ೨೬,೦೦೦ ಕಂಪನಗಳಿಂದ ೧,೩೮,೦೦೦ದವರೆಗೆ ಮನೆಯಿಂದ ಹೊರಕ್ಕೆ ಕಳುಹಿಸುವ ಸಂಗತಿಗಳೂ, ೧,೩೮,೦೦೦ದಿಂದ ೧೧,೦೪,೦೦೦ದವರೆಗೆ ಹೊರಗಿನಿಂದ ಮನೆಗೆ ಬರುವ ಸಂಗತಿಗಳೂ ಹರಿಯುವುವು. ನಮ್ಮ ಗಾಯನಗೋಷ್ಠಿಯಲ್ಲಿ ಮಂದ್ರದವರೂ ತಾರದವರೂ ಒಂದೇ ಗಾಳಿಯಲ್ಲಿ ಒಂದೇ ಕಾಲಕ್ಕೆ ಹಾಡುವರು. ಆದರೂ ಕೇಳುವ ಕಿವಿಯು ಇಬ್ಬರನ್ನೂ ಬೇರೆಬೇರೆಯಾಗಿ ಗುರುತಿಸುವುದು. ತಂತಿಯಲ್ಲಿ ಆಗುವುದೂ ಇದೇ. ಕಿವಿಯ ಈ ಕೆಲಸವನ್ನು ಮಾಡುವುದಕ್ಕೆ ಮನೆಯಲ್ಲಿ ಸ್ಪ್ಲಿಟರೆಂಬ ಒಂದು ಸಣ್ಣ ಡಬ್ಬಿಯನ್ನು ಇಡುವರು. ಅದಕ್ಕೆ ಮೂರು ರಂಧ್ರಗಳು: ಒಂದು ಹೊರಗಿನ ತಂತಿಗೆ, ಒಂದು ಫೋನಿಗೆ, ಒಂದು ಮೋಡೆಮಿಗೆ. ಕೆಳಗಿನ ಕಂಪನಗಳು ಫೋನಿಗೂ ಮೇಲಿನವು ಮೋಡೆಮಿಗೂ ಹೋಗುವಂತೆ ಅದು ಸೋಸುವುದು. ಆ ಡಬ್ಬಿಯಿಲ್ಲದೆ ಫೋನನ್ನು ನೇರವಾಗಿ ಜೋಡಿಸಿದರೆ ಕಿವಿಯಲ್ಲಿ ಸೀಳು ಶಬ್ದವು ಕೇಳಬಹುದು; ಗಂಟೆ ಬಾರಿಸಿದೊಡನೆ ಅಂತರಜಾಲವು ಕಡಿದುಹೋಗಬಹುದು.

ಎಕ್ಸ್‌ಚೇಂಜಿನಲ್ಲಿಯೂ ಇಂಥದೇ ವಿಂಗಡಣೆ ನಡೆಯುವುದು. ಮಾತು ಎಂದಿನಂತೆ ದೂರವಾಣಿಯ ಯಂತ್ರಕ್ಕೆ ಹೋಗುವುದು. ಮೇಲಿನ ಕಂಪನಗಳು ‘ಡಿಸ್ಲ್ಯಾಮ್’ ಎಂಬ ಮತ್ತೊಂದು ಯಂತ್ರಕ್ಕೆ ಹೋಗಿ, ನೂರಾರು ಮನೆಗಳ ಸಂಗತಿಗಳೊಡನೆ ಕೂಡಿ, ಗಾಜಿನ ಎಳೆಯ ದೊಡ್ಡ ಮಾರ್ಗವನ್ನು ಹಿಡಿದು ಹೊರಲೋಕವನ್ನು ಸೇರುವುವು. ಎಂದರೆ ದೂರದ ಪ್ರಯಾಣವೆಲ್ಲ ಗಾಜಿನಲ್ಲಿಯೇ. ಎಕ್ಸ್‌ಚೇಂಜಿನಿಂದ ನಮ್ಮ ಮನೆಯವರೆಗಿನ ಕಡೆಯ ಎರಡು ಮೂರು ಮೈಲಿಯಷ್ಟೇ ತಾಮ್ರದ ಪಾಲು. ಆದರೆ ನಮ್ಮ ಸುಖವೂ ಕಷ್ಟವೂ ಆ ಎರಡು ಮೂರು ಮೈಲಿಯನ್ನೇ ನೆಚ್ಚಿಕೊಂಡಿರುವುವು.

ಸ್ವರಗಳ ಲೆಕ್ಕ

ಅಷ್ಟು ವಿಸ್ತಾರವಾದ ಜಾಗವನ್ನು ಒಂದೇ ಸ್ವರಕ್ಕೆ ಬಿಟ್ಟುಕೊಡುವುದಿಲ್ಲ. ಅದನ್ನು ೪೩೧೨.೫ ಕಂಪನಗಳಷ್ಟು ಅಗಲದ ೨೫೬ ಸಣ್ಣ ಪಟ್ಟಿಗಳಾಗಿ ಭಾಗಿಸಿರುವರು. ಪ್ರತಿಯೊಂದು ಪಟ್ಟಿಯಲ್ಲಿಯೂ ಒಂದೊಂದು ಸ್ವರವು ತನ್ನ ಪಾಲಿನ ಬಿಟ್ಟುಗಳನ್ನು ಹೊತ್ತು ಹೋಗುವುದು. ಈ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚಿಯೋಫಿ ಎಂಬ ಪ್ರಾಧ್ಯಾಪಕರು ಮುಖ್ಯರು. ೧೯೯೩ರಲ್ಲಿ ಅಲ್ಲಿ ನಡೆದ ಪರೀಕ್ಷೆಗಳಲ್ಲಿ ಇದೇ ಮೇಲೆನಿಸಿಕೊಂಡಿತು. ೧೯೯೯ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಇದನ್ನು ಲೋಕಕ್ಕೆಲ್ಲ ಒಂದೇ ನಿಯಮವನ್ನಾಗಿ ಪ್ರಕಟಿಸಿತು.

ಒಂದು ಸ್ವರವು ಬಿಟ್ಟುಗಳನ್ನು ಹೊರುವುದೆಂದರೇನು? ನಿಶ್ಶಬ್ದವಾದ ಶಾಲೆಯಲ್ಲಿ ಕೈಗಂಟೆಯನ್ನು ನಾಲ್ಕು ಬಗೆಯ ಬಲದಿಂದ ಬಾರಿಸಿದರೆ ಮಕ್ಕಳು ನಾಲ್ಕನ್ನೂ ಬೇರೆಬೇರೆಯಾಗಿ ತಿಳಿಯಬಲ್ಲರು. ನಾಲ್ಕು ಬಗೆಯೆಂದರೆ ಎರಡು ಬಿಟ್ಟುಗಳ ಸುದ್ದಿ. ಆಟದ ಮೈದಾನದ ಗದ್ದಲದಲ್ಲಿಯಾದರೆ ಜೋರು, ಮೆಲ್ಲಗೆ ಎಂಬ ಎರಡು ಬಗೆ ತಿಳಿದರೆ ಹೆಚ್ಚು. ಅದು ಒಂದೇ ಬಿಟ್ಟಿನ ಸುದ್ದಿ. ಸ್ವರದ ಬಲವನ್ನೂ ಅದು ಏಳುವ ಕ್ಷಣವನ್ನೂ ಸೂಕ್ಷ್ಮವಾಗಿ ಬದಲಾಯಿಸುತ್ತ, ಶಾಂತವಾದ ಪಟ್ಟಿಯಲ್ಲಿ ಒಂದೇ ಸಲಕ್ಕೆ ೧೫ ಬಿಟ್ಟುಗಳವರೆಗೆ ಹೊರಿಸಬಹುದು. ಮೋಡೆಮನ್ನು ಹಚ್ಚಿದೊಡನೆ ಅದರ ದೀಪವು ಸ್ವಲ್ಪ ಹೊತ್ತು ಮಿಣುಕುತ್ತಿರುವುದನ್ನು ನೋಡಿರಬಹುದು. ಆಗ ಅದು ಎಕ್ಸ್‌ಚೇಂಜಿನ ಯಂತ್ರದೊಡನೆ ಕೂಡಿ ಒಂದೊಂದು ಪಟ್ಟಿಯನ್ನೂ ಪರೀಕ್ಷಿಸುತ್ತಿರುವುದು. ಒಳ್ಳೆಯ ಉಪಾಧ್ಯಾಯಿನಿಯು ತರಗತಿಯ ಮಕ್ಕಳ ಶಕ್ತಿಯನ್ನು ಅರಿತು ಕೆಲಸವನ್ನು ಹಂಚುವಂತೆ, ಅದು ಚೊಕ್ಕಟವಾದ ಪಟ್ಟಿಗೆ ಹೆಚ್ಚು ಹೊರೆಯನ್ನೂ ಗದ್ದಲದ ಪಟ್ಟಿಗೆ ಕಡಿಮೆ ಹೊರೆಯನ್ನೂ ಕೊಟ್ಟು, ಕೆಟ್ಟ ಪಟ್ಟಿಯನ್ನು ಪೂರ್ತಿಯಾಗಿ ಬಿಟ್ಟುಬಿಡುವುದು.

ಈಗ ಲೆಕ್ಕ ಹಾಕೋಣ. ಪ್ರತಿ ಸ್ವರವೂ ಸೆಕೆಂಡಿಗೆ ೪೦೦೦ ಸಲ ತನ್ನ ಹೊರೆಯನ್ನು ಒಯ್ಯುವುದು. ಮನೆಗೆ ಬರುವ ದಾರಿಯಲ್ಲಿ ಸುಮಾರು ೨೨೪ ಸ್ವರಗಳು; ಒಂದೊಂದಕ್ಕೆ ಸರಾಸರಿ ೯ ಬಿಟ್ಟು ಎಂದು ಹಿಡಿದರೆ ೨೨೪ × ೯ × ೪೦೦೦ = ೮೦,೬೪,೦೦೦. ಸೆಕೆಂಡಿಗೆ ಎಂಟು ಮೆಗಾಬಿಟ್ಟೆಂದು ಹೇಳುತ್ತಿದ್ದ ವೇಗದ ಒಳಗುಟ್ಟು ಇದೇ. ಮನೆಯಿಂದ ಹೋಗುವ ದಾರಿಯಲ್ಲಿ ಸುಮಾರು ೨೬ ಸ್ವರಗಳು ಮಾತ್ರ; ಅದೇ ಲೆಕ್ಕದಂತೆ ೨೬ × ೯ × ೪೦೦೦ = ೯,೩೬,೦೦೦. ಬರುವುದು ಎಂಟು ಪಾಲು, ಹೋಗುವುದು ಒಂದು ಪಾಲು.

ಈ ವ್ಯತ್ಯಾಸವು ತಾನಾಗಿ ಬಂದುದಲ್ಲ. ೧೯೮೦ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಜೋಸೆಫ್ ಲೆಕ್ಲೈಡರ್ ಎಂಬ ಎಂಜಿನಿಯರು ಎರಡು ಕಡೆಗೂ ಸಮವಾಗಿ ಹಂಚುವುದನ್ನು ಬಿಟ್ಟು ಮನೆಗೆ ಬರುವ ಕಡೆಗೆ ಹೆಚ್ಚು ಜಾಗವನ್ನು ಕೊಟ್ಟರೆ, ತಂತಿಗಳ ಪರಸ್ಪರ ಉಪದ್ರವವು ತಗ್ಗಿ ಒಟ್ಟು ವೇಗವು ಹೆಚ್ಚುವುದೆಂದು ತೋರಿಸಿಕೊಟ್ಟರು. ಆಗ ದೂರವಾಣಿ ಸಂಸ್ಥೆಗಳ ಮನಸ್ಸಿನಲ್ಲಿದ್ದುದು ಮನೆಗಳಿಗೆ ಚಲನಚಿತ್ರಗಳನ್ನು ಕಳುಹಿಸುವ ವ್ಯಾಪಾರ. ಮನೆಯವರು ನೋಡುವವರೇ ಹೊರತು ತೋರಿಸುವವರಲ್ಲ ಎಂಬ ಎಣಿಕೆಯು ಹೀಗೆ ತಂತಿಯ ಹಂಚಿಕೆಯೊಳಗೇ ಸೇರಿಹೋಯಿತು. ಎ.ಡಿ.ಎಸ್.ಎಲ್. ಎಂಬ ಹೆಸರಿನ ಮೊದಲ ಅಕ್ಷರವು ಈ ಅಸಮತೆಯನ್ನೇ ಸೂಚಿಸುವುದು.

ದೂರವೂ ಗದ್ದಲವೂ

೧೯೦೨ನೆಯ ಇಸವಿಯ ಜೂನ್ ೩೦ರಂದು ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ೯೨ ಮೈಲಿ ತಂತಿಯ ಮೇಲೆ ಸಾಗಿ ನಮ್ಮ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಲೋಕದ ಅತಿ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ದಾರಿಯಲ್ಲಿ ಶಕ್ತಿಯು ಸೋರಿಹೋಗದಂತೆ ಅವರು ವಿದ್ಯುತ್ತಿನ ಒತ್ತಡವನ್ನು ಬಹಳವಾಗಿ ಏರಿಸಿ ಕಳುಹಿಸಿದರು. ದೂರವಾಣಿಯ ಕೂದಲೆಳೆಯಂಥ ತಂತಿಯಲ್ಲಿ ಈ ಉಪಾಯವು ಸಲ್ಲದು. ಬಲವನ್ನು ಏರಿಸಿದರೆ ಒಂದೇ ಕೇಬಲ್ಲಿನಲ್ಲಿ ಒತ್ತಾಗಿ ಮಲಗಿರುವ ನೆರೆಮನೆಗಳ ತಂತಿಗಳಲ್ಲಿ ಅದೇ ಗದ್ದಲವಾಗುವುದು.

ಅಲ್ಲದೆ ಕಂಪನವು ಹೆಚ್ಚಿದಷ್ಟೂ ಸೋರಿಕೆಯೂ ಹೆಚ್ಚು. ವೇಗವಾಗಿ ಕಂಪಿಸುವ ವಿದ್ಯುತ್ತು ತಂತಿಯ ನಡುಭಾಗವನ್ನು ಬಿಟ್ಟು ಹೊರಮೈಯಲ್ಲಿಯೇ ಹರಿಯುವುದರಿಂದ, ಇದ್ದ ತಾಮ್ರದಲ್ಲಿಯೂ ಅಲ್ಪಭಾಗವೇ ಉಪಯೋಗಕ್ಕೆ ಬರುವುದು. ಆದುದರಿಂದ ಎಕ್ಸ್‌ಚೇಂಜಿನಿಂದ ದೂರ ಹೋದಂತೆಲ್ಲ ಮೇಲಿನ ಸ್ವರಗಳು ಒಂದೊಂದಾಗಿ ಅಡಗುತ್ತ ಬಂದು, ಕೆಳಗಿನ ಕೆಲವು ಮಾತ್ರ ಉಳಿಯುವುವು. ೨೦೦೩ರಲ್ಲಿ ನಿಯಮಕ್ಕೆ ಬಂದ ಎ.ಡಿ.ಎಸ್.ಎಲ್. ೨ ಪ್ಲಸ್ ಎಂಬ ಸುಧಾರಿಸಿದ ಪದ್ಧತಿಯಲ್ಲಿ ಸ್ವರಗಳನ್ನು ೫೧೨ಕ್ಕೆ ಹೆಚ್ಚಿಸಿ, ಎಕ್ಸ್‌ಚೇಂಜಿನ ಸಮೀಪದಲ್ಲಿ ಸೆಕೆಂಡಿಗೆ ೨೪ ಮೆಗಾಬಿಟ್ಟಿನವರೆಗೆ ವೇಗವನ್ನು ಪಡೆದರು. ಆದರೆ ಹಾಗೆ ಸೇರಿಸಿದ ಸ್ವರಗಳೆಲ್ಲ ಮೇಲಿನವಾದುದರಿಂದ ಆ ಲಾಭವು ಹತ್ತಿರದವರಿಗೇ ಸಂದಿತು. ತಂತಿಯ ಉದ್ದವು ಸುಮಾರು ಐದು ಕಿಲೋಮೀಟರನ್ನು ಮುಟ್ಟಿದರೆ ಎರಡು ಪದ್ಧತಿಗಳಿಗೂ ಹೆಚ್ಚಿನ ಭೇದವಿಲ್ಲ. ಒಂದೆರಡು ಮೆಗಾಬಿಟ್ಟು ದೊರೆತರೆ ಅದೇ ಪುಣ್ಯ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ದೂರವೆಂದರೆ ಕಾಗೆ ಹಾರುವ ದೂರವಲ್ಲ. ಕಂಬಗಳ ಮೇಲೂ ನೆಲದೊಳಗೂ ಬಳಸಿ ಬರುವ ತಂತಿಯ ದೂರ. ಎಕ್ಸ್‌ಚೇಂಜು ಕಣ್ಣಿಗೆ ಕಾಣುತ್ತಿದ್ದರೂ ತಂತಿಯು ಊರೆಲ್ಲ ಸುತ್ತಿ ಬಂದಿರಬಹುದು.

ಗದ್ದಲಕ್ಕೂ ಹಲವು ಮೂಲಗಳುಂಟು. ಮಳೆಗಾಲದಲ್ಲಿ ಜೋಡಣೆಗಳೊಳಕ್ಕೆ ನೀರಿಳಿದು ತಾಮ್ರಕ್ಕೆ ಕಿಲುಬು ಹಿಡಿಯುವುದು. ರೇಡಿಯೋ ಅಲೆಗಳು ತಂತಿಯನ್ನು ಏರಿಯಲ್ಲೆಂದು ಎಣಿಸಿ ಅದರಲ್ಲಿ ಇಳಿಯುವುವು. ನಮ್ಮ ಮನೆಗಳಲ್ಲಿ ಎಷ್ಟೋ ವರ್ಷ ಕೇಳಿದ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗವು ೬,೧೨,೦೦೦ ಕಂಪನಗಳದು. ಇದನ್ನು ೪೩೧೨.೫ರಿಂದ ಭಾಗಿಸಿದರೆ ಸುಮಾರು ೧೪೨ ಬರುವುದು. ಎಂದರೆ ಅದು ೧೪೨ನೆಯ ಸ್ವರದ ಮೇಲೆಯೇ ಬಂದು ಕುಳಿತುಕೊಳ್ಳುವುದು. ಅಂಥ ಕಡೆಯಲ್ಲಿ ಮೋಡೆಮು ಆ ಸ್ವರವನ್ನೂ ಅದರ ಆಸುಪಾಸನ್ನೂ ಬಿಟ್ಟು ಮಿಕ್ಕವುಗಳಿಂದ ಕೆಲಸವನ್ನು ನಡೆಸುವುದು. ಒಂದು ಸ್ವರ ಕೆಟ್ಟರೆ ಎಲ್ಲವೂ ಕೆಡದಿರುವುದೇ ಈ ಪದ್ಧತಿಯ ಹೆಚ್ಚುಗಾರಿಕೆ.

ಮಕ್ಕಳ ಓದಿಗೂ ತಂತಿಗೂ ಇರುವ ಸಂಬಂಧ

೨೦೨೦ನೆಯ ಇಸವಿಯ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ಶಾಲೆಗಳು ಮುಚ್ಚಿ, ಪಾಠಗಳು ಅಂತರಜಾಲಕ್ಕೆ ಏರಿದುವು. ಆಗ ಬಹಳ ಮಕ್ಕಳಿಗೆ ತಂದೆಯ ಒಂದು ಮೊಬೈಲ್ ಫೋನೇ ಗತಿಯಾಗಿತ್ತು. ಮನೆಗೆ ದೂರವಾಣಿಯ ತಂತಿಯಿದ್ದವರು ಅದೃಷ್ಟವಂತರೆಂದು ಎಲ್ಲರೂ ಭಾವಿಸಿದ್ದರು. ಆದರೆ ತಂತಿಯಿದ್ದ ಮನೆಗಳೊಳಗೂ ಭೇದವಿದ್ದಿತು. ಒಂದೇ ತರಗತಿಯ ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳಿರಿ. ಇಬ್ಬರ ಮನೆಯವರೂ ತಿಂಗಳಿಗೆ ಒಂದೇ ಹಣವನ್ನು ಕಟ್ಟುವರು. ಒಬ್ಬಳ ಮನೆ ಎಕ್ಸ್‌ಚೇಂಜಿನ ಹತ್ತಿರದ ಬೀದಿಯಲ್ಲಿ, ಮತ್ತೊಬ್ಬಳದು ತಂತಿಯ ಕೊನೆಯಲ್ಲಿ. ಮೊದಲನೆಯವಳಿಗೆ ಪಾಠವು ಸರಾಗವಾಗಿ ಬರುವುದು. ಎರಡನೆಯವಳಿಗೆ ಉಪಾಧ್ಯಾಯಿನಿಯ ಮುಖವು ನಡುನಡುವೆ ನಿಂತು, ವಾಕ್ಯದ ಅರ್ಧವು ನುಂಗಿಹೋಗುವುದು. ಪ್ರಶ್ನೆ ಕೇಳಿದಾಗ ಅವಳು ಮೌನವಾಗಿದ್ದರೆ ಮನಸ್ಸಿಟ್ಟು ಕೇಳಲಿಲ್ಲವೆಂದು ಹಿರಿಯರು ಗದರಿಸುವರು.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಸೂಕ್ಷ್ಮವಾದುದು. ಪಾಠವು ಚೆನ್ನಾಗಿ ಕೇಳಿಸುತ್ತಿದ್ದರೂ ಹುಡುಗಿಯು ಉತ್ತರ ಹೇಳಿದಾಗ ಅವಳ ಧ್ವನಿಯು ಆಚೆಗೆ ಮುಟ್ಟುವುದಿಲ್ಲ. ಬರೆದ ಲೆಕ್ಕದ ಹಾಳೆಯ ಚಿತ್ರವನ್ನು ಕಳುಹಿಸಿದರೆ ಅದು ಹೋಗಿ ಸೇರುವಷ್ಟರಲ್ಲಿ ತರಗತಿಯೇ ಮುಗಿದಿರುವುದು. ಕಾರಣವನ್ನು ಈಗಾಗಲೇ ನೋಡಿದೆವು: ೨೨೪ ಸ್ವರಗಳು ಒಳಕ್ಕೆ, ೨೬ ಸ್ವರಗಳು ಹೊರಕ್ಕೆ. ಮನೆಯಲ್ಲಿ ಬೇರೆ ಯಾರಾದರೂ ಅದೇ ಹೊತ್ತಿನಲ್ಲಿ ಚಿತ್ರಗಳನ್ನು ಕಳುಹಿಸುತ್ತಿದ್ದರೆ ಆ ಇಕ್ಕಟ್ಟಾದ ದಾರಿಯು ಪೂರ್ತಿಯಾಗಿ ಮುಚ್ಚಿಹೋಗುವುದು. ಆ ದಿನಗಳಲ್ಲಿ ಸರ್ಕಾರವು ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಪಾಠಗಳನ್ನು ಪ್ರಸಾರ ಮಾಡಿತು. ಅದರಿಂದ ಬಹು ಮಂದಿಗೆ ಉಪಕಾರವಾಯಿತು. ಆದರೆ ಪಾಠವೆಂಬುದು ಕೇಳುವುದರಿಂದ ಅರ್ಧವೂ ಉತ್ತರ ಕೊಡುವುದರಿಂದ ಅರ್ಧವೂ ಆಗತಕ್ಕದ್ದು. ಸಂಕೋಚದಿಂದ ಮೊದಲೇ ಬಾಯಿ ಬಿಡದ ಹುಡುಗಿಯ ಮಾತು ತಂತಿಯಲ್ಲಿಯೂ ಎರಡು ಸಲ ಕಡಿದುಹೋದರೆ, ಮೂರನೆಯ ಸಲ ಅವಳು ಬಾಯಿ ತೆರೆಯಲಾರಳು. ಆದಕಾರಣ ಮಗುವನ್ನು ದೂರುವ ಮೊದಲು ತಂತಿಯನ್ನು ವಿಚಾರಿಸಿರಿ ಎಂದು ತಂದೆತಾಯಿಗಳಲ್ಲಿ ನಮ್ಮ ಬಿನ್ನಹ. ದೂರವು ಮಗುವಿನ ಅಪರಾಧವಲ್ಲ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ತಾಮ್ರದ ತಂತಿಯನ್ನು ಇನ್ನೂ ಇಟ್ಟುಕೊಂಡಿರುವ ಮನೆಗಳಲ್ಲಿ ಈ ಕೆಳಗಿನ ಪರೀಕ್ಷೆಗಳನ್ನು ಹೈಸ್ಕೂಲು ಓದುವ ಹುಡುಗಿಯೇ ಮಾಡಬಲ್ಲಳು.

ಮೊದಲನೆಯದು: ಮೋಡೆಮಿಗೂ ಗಣಕಯಂತ್ರಕ್ಕೂ ನಡುವೆ ಕೇಬಲ್ಲನ್ನು ಸಿಕ್ಕಿಸಿ ವೇಗವನ್ನು ನೋಡಬೇಕು. ಕೇಬಲ್ಲಿನಲ್ಲಿ ವೇಗವಾಗಿಯೂ ವೈಫೈಯಲ್ಲಿ ನಿಧಾನವಾಗಿಯೂ ಇದ್ದರೆ ದೋಷವು ತಂತಿಯದಲ್ಲ. ಮೋಡೆಮನ್ನು ಗೋಡೆಗಳ ಮರೆಯಿಂದ ತೆಗೆದು ಬಯಲಾದ ಜಾಗದಲ್ಲಿಡಬೇಕು.

ಎರಡನೆಯದು: ಫೋನನ್ನು ಕಿವಿಗಿಟ್ಟುಕೊಂಡು, ಯಾವುದಾದರೊಂದು ಅಂಕಿಯನ್ನು ಒತ್ತಿ ಟೋನು ನಿಂತ ಮೇಲೆ ಆಲಿಸಬೇಕು. ಚಟಪಟ ಸದ್ದು ಕೇಳಿದರೆ ಎಲ್ಲಿಯೋ ಜೋಡಣೆಯು ಸಡಿಲವಾಗಿದೆ, ಇಲ್ಲವೆ ನೀರು ಸೇರಿದೆ.

ಮೂರನೆಯದು: ಹೊರಗಿನ ತಂತಿಯು ಮನೆಯನ್ನು ಪ್ರವೇಶಿಸುವ ಮೊದಲ ಪೆಟ್ಟಿಗೆಗೇ ಸ್ಪ್ಲಿಟರನ್ನೂ ಮೋಡೆಮನ್ನೂ ಸೇರಿಸಿ ನೋಡಬೇಕು. ವೇಗವು ಹೆಚ್ಚಿದರೆ ದೋಷವು ಮನೆಯೊಳಗಿನ ಹಳೆಯ ತಂತಿಯಲ್ಲಿದೆ.

ನಾಲ್ಕನೆಯದು: ಮೋಡೆಮ್ ಯಂತ್ರವು ತನ್ನ ಸ್ಥಿತಿಯನ್ನು ತೋರಿಸುವ ಪುಟದಲ್ಲಿ ‘ಅಟೆನ್ಯುಯೇಶನ್’ ಮತ್ತು ‘ಎಸ್.ಎನ್.ಆರ್. ಮಾರ್ಜಿನ್’ ಎಂಬ ಎರಡು ಸಂಖ್ಯೆಗಳಿರುವುವು, ಎರಡೂ ಡೆಸಿಬೆಲ್ಲುಗಳಲ್ಲಿ. ಮೊದಲನೆಯದು ದಾರಿಯ ಸೋರಿಕೆ. ಅದು ಸುಮಾರು ೩೦ರ ಒಳಗಿದ್ದರೆ ಒಳ್ಳೆಯದು, ೬೦ನ್ನು ಮೀರಿದರೆ ಮನೆ ಬಹಳ ದೂರವೆಂದು ತಿಳಿಯಬೇಕು. ಎರಡನೆಯದು ಗದ್ದಲದ ಮೇಲೆ ನಮಗಿರುವ ಮೇಲುಗೈ; ಅದು ೬ಕ್ಕಿಂತ ಕೆಳಗಿಳಿದರೆ ಸಂಪರ್ಕವು ಪದೇ ಪದೇ ಕಡಿಯುವುದು. ಸೋರಿಕೆ ಹೆಚ್ಚಾಗಿದ್ದರೆ ಹೆಚ್ಚು ಹಣದ ಪ್ಲಾನನ್ನು ಕೊಳ್ಳುವುದರಿಂದ ಫಲವಿಲ್ಲ. ಸೋರಿಕೆ ಕಡಿಮೆಯಾಗಿದ್ದು ಮೇಲುಗೈಯೂ ಕಡಿಮೆಯಾಗಿದ್ದರೆ ತಂತಿಯನ್ನು ದುರಸ್ತಿ ಮಾಡಿಸಿದರೆ ಗುಣವಾಗುವುದು. ‘ನೆಟ್ಟು ನಿಧಾನ’ ಎಂದು ದೂರು ಕೊಡುವುದಕ್ಕೆ ಬದಲಾಗಿ ಈ ಎರಡು ಸಂಖ್ಯೆಗಳನ್ನು ಬರೆದು ಕೊಟ್ಟರೆ ಕೆಲಸವು ಬೇಗ ಆಗುವುದು.

ತಾಮ್ರದ ಮುಂದೆ ಗಾಜು

ಇಂದು ನಮ್ಮ ನಾಡಿನಲ್ಲೆಲ್ಲ ತಾಮ್ರದ ಸ್ಥಾನಕ್ಕೆ ಗಾಜಿನ ಎಳೆಯು ಬರುತ್ತಿರುವುದು. ಅದರಲ್ಲಿ ವಿದ್ಯುತ್ತಿಗೆ ಬದಲಾಗಿ ಬೆಳಕು ಹರಿಯುವುದು. ಅದು ೨೦ ಕಿಲೋಮೀಟರು ದೂರಕ್ಕೂ ಹೆಚ್ಚು ಸೋರದೆ ಹೋಗುವುದು. ರೇಡಿಯೋ ಅಲೆಗಾಗಲಿ ನೆರೆಮನೆಯ ತಂತಿಗಾಗಲಿ ಅದು ಅಂಜುವುದಿಲ್ಲ. ಬರುವ ಹೋಗುವ ವೇಗಗಳನ್ನು ಸಮವಾಗಿಡಲೂ ಸಾಧ್ಯ. ತಂತಿಯ ಕೊನೆಯ ಮನೆಯ ಹುಡುಗಿಗೂ ಹತ್ತಿರದ ಮನೆಯವಳಿಗೂ ಇದ್ದ ಅಂತರವು ಇದರಿಂದ ಅಳಿಯುವುದು. ಕೇಳುವ ದಾರಿಯಷ್ಟೇ ಹೇಳುವ ದಾರಿಯೂ ಅಗಲವಾಗುವುದು. ಆದರೆ ಒಂದು ಎಚ್ಚರಿಕೆಯುಂಟು. ತಾಮ್ರದ ದೂರವಾಣಿಗೆ ಎಕ್ಸ್‌ಚೇಂಜಿನ ೪೮ ವೋಲ್ಟಿನ ಬ್ಯಾಟರಿಯೇ ತಂತಿಯ ಮೂಲಕ ಶಕ್ತಿಯನ್ನು ಒದಗಿಸುತ್ತಿದ್ದುದರಿಂದ, ಮನೆಯಲ್ಲಿ ದೀಪವಾರಿದಾಗಲೂ ಅಂಥ ಸಾಧಾರಣ ಫೋನು ಕೆಲಸ ಮಾಡುತ್ತಿತ್ತು. ಗಾಜಿನಲ್ಲಿ ಆ ಶಕ್ತಿಯು ಬರುವುದಿಲ್ಲ. ವಯಸ್ಸಾದ ತಾಯಿತಂದೆಗಳನ್ನು ಊರಿನಲ್ಲಿ ಬಿಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಹೊಸ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಬ್ಯಾಟರಿಯನ್ನೂ ಇಡಿಸುವುದು ಒಳ್ಳೆಯದು.

ಕೊನೆಗೆ, ಈ ಪಾಠವು ಮನಸ್ಸಿನಲ್ಲಿ ನೆಲಸುವಂತೆ ಮೂರು ಪ್ರಶ್ನೆಗಳನ್ನು ಕೊಟ್ಟಿರುವೆವು. ತಾಯಂದಿರು ತಮ್ಮ ಹೆಣ್ಣುಮಕ್ಕಳೊಡನೆ ಕುಳಿತು ಉತ್ತರಗಳನ್ನು ಬರೆಯಲಿ.

೧. ಹಳೆಯ ಮೋಡೆಮಿನ ಕಾಲದಲ್ಲಿ ತಾಯಿಯು ಫೋನಿನಲ್ಲಿ ಮಾತನಾಡುವಾಗ ಮಗಳು ಅಂತರಜಾಲವನ್ನು ನೋಡುವಂತಿರಲಿಲ್ಲ, ಬ್ರಾಡ್‌ಬ್ಯಾಂಡಿನಲ್ಲಿ ನೋಡಬಹುದು. ಕಾರಣವೇನು?

೨. ಎರಡು ಮೆಗಾಬೈಟಿನ ಒಂದು ಚಿತ್ರವನ್ನು ಸೆಕೆಂಡಿಗೆ ೮೦,೬೪,೦೦೦ ಬಿಟ್ಟಿನ ದಾರಿಯಲ್ಲಿ ತರಿಸುವುದಕ್ಕೂ, ೯,೩೬,೦೦೦ ಬಿಟ್ಟಿನ ದಾರಿಯಲ್ಲಿ ಕಳುಹಿಸುವುದಕ್ಕೂ ಎಷ್ಟೆಷ್ಟು ಕಾಲ ಹಿಡಿಯುವುದು? (ಸುಮಾರು ೨ ಸೆಕೆಂಡು, ೧೭ ಸೆಕೆಂಡು ಎಂದು ಬಂದರೆ ಲೆಕ್ಕವು ಸರಿ.)

೩. ಫೋನಿನಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿದ್ದರೂ ಬ್ರಾಡ್‌ಬ್ಯಾಂಡು ನಿಧಾನವಾಗಿರುವುದುಂಟು. ಜೊತೆಯಲ್ಲಿ ಒಂದು ತಂತಿಯು ತುಂಡಾದಾಗ ಫೋನು ಸತ್ತುಹೋಗಿ, ಬ್ರಾಡ್‌ಬ್ಯಾಂಡು ಮಾತ್ರ ಕುಂಟುತ್ತ ನಡೆಯುವುದೂ ಉಂಟು. ಇವೆರಡರಲ್ಲಿ ಮೊದಲನೆಯದಕ್ಕೆ ಈ ಪಾಠದಲ್ಲಿಯೇ ಉತ್ತರವಿರುವುದು. ಎರಡನೆಯದನ್ನು ಹುಡುಗಿಯರು ತಾವೇ ಯೋಚಿಸಿ, ವಿಜ್ಞಾನದ ಉಪಾಧ್ಯಾಯಿನಿಯರ ಬಳಿಗೆ ಉತ್ತರವನ್ನು ತರಲಿ. ತಂದವರ ಮಾತನ್ನು ಪೂರ್ತಿಯಾಗಿ ಕೇಳುವುದಕ್ಕೆ ನಾವು ಕಾದಿರುವೆವು.